ಕತೆಯೊಳಗಿನ ಕೆಟ್ಟ ತಂದೆ-ತಾಯಿ, ಮನೆಯೊಳಗಿನ ನಾವು

ಸೋದರಿಯರೇ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಈ ಪುಟ ತೆರೆದಿದ್ದೀರಿ ಎಂದುಕೊಂಡು ಒಂದು ಪ್ರಶ್ನೆ ಕೇಳುತ್ತೇನೆ. ನೀವು ಓದಿದ, ನೋಡಿದ, ಕೇಳಿದ ಕತೆಗಳಲ್ಲಿ ಎಲ್ಲರಿಗಿಂತ ಕೆಟ್ಟ ತಂದೆ ಯಾರು? ಎಲ್ಲರಿಗಿಂತ ಕೆಟ್ಟ ತಾಯಿ ಯಾರು?

ಆಳಂದದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಒಂದು ದಿನ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನ ಮಾಡುತ್ತಿದ್ದಾಗ ಇದೇ ಪ್ರಶ್ನೆ ಕೇಳಿದ್ದೆ. "ಇನ್ಯಾರು? ಹಿರಣ್ಯಕಶಿಪು!" ಎಂದಳು ಒಬ್ಬಾಕೆ. "ಮಲತಾಯಿ ಅಂತ ಇದ್ದಾಳಲ್ಲ, ಆಕಿಗಿಂತ ಕೆಟ್ಟವರು ಯಾರದಾರ?" ಎಂದಳು ಇನ್ನೊಬ್ಬಾಕೆ. ಎಲ್ಲರೂ ಹೌದೆಂದು ತಲೆ ಹಾಕಿದರು. ನಾನೂ ಹಾಕಿದೆ. ಆದರೆ ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಬೇರೆ ಇದೆ. ಅದು ಹೇಗೆ ಬದಲಾಯಿತು ಎಂಬುದನ್ನೇ ನಿಮ್ಮ ಮುಂದೆ ಹೇಳಬೇಕಾಗಿದೆ.

ಗದೆ ಹಿಡಿದ ತಂದೆ

ಮೊದಲು ಹಿರಣ್ಯಕಶಿಪುವನ್ನೇ ನೋಡೋಣ. ನನ್ನ ತವರು ಜೇವರ್ಗಿ ತಾಲ್ಲೂಕಿನ ಹಳ್ಳಿ. ಜಾತ್ರೆಯಲ್ಲಿ ರಾತ್ರಿಯೆಲ್ಲ ದೊಡ್ಡಾಟ ನಡೆಯುತ್ತಿತ್ತು. ಕಿರೀಟ, ಭುಜಕೀರ್ತಿ ಕಟ್ಟಿದ ಪಾತ್ರಧಾರಿ ಗದೆ ಹೊತ್ತು ಬಂದು ಅಟ್ಟದ ಹಲಗೆ ಅದುರುವಂತೆ ಕುಣಿದರೆ ನಾವು ಹುಡುಗಿಯರು ಅವ್ವನ ಸೆರಗಿನೊಳಗೆ ಸೇರುತ್ತಿದ್ದೆವು. ಮುಂದೆ 1983ರ 'ಭಕ್ತ ಪ್ರಹ್ಲಾದ' ಸಿನಿಮಾ ಟಿ.ವಿ.ಯಲ್ಲಿ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿದೆವು. ರಾಜಕುಮಾರ್ ಅವರು ಹಿರಣ್ಯಕಶಿಪು, ಅವರ ಮಗ ಪುನೀತ್ ಪ್ರಹ್ಲಾದ! ಹೊರಗೆ ಅಷ್ಟು ಮುದ್ದಿನ ಅಪ್ಪ-ಮಗ, ಪರದೆಯ ಮೇಲೆ ನೋಡಿದರೆ ಎದೆ ಝಲ್ಲೆನ್ನಬೇಕು.

ಹಿರಣ್ಯಕಶಿಪು ಹೆತ್ತ ಮಗನನ್ನು ಬೆಟ್ಟದಿಂದ ನೂಕಿಸಿದ, ಆನೆಯ ಕಾಲಿಗೆ ಕೆಡವಿದ, ಹಾವಿನ ನಡುವೆ ಬಿಟ್ಟ, ವಿಷ ಕೊಡಿಸಿದ. ಯಾಕೆ? ಮಗ ತನ್ನ ಹೆಸರು ಹೇಳದೆ ಬೇರೆ ಹೆಸರು ಹೇಳಿದನೆಂದು. ನಾನು ಹೇಳಿದಂತೆ ನನ್ನ ಮಗ ಇರಬೇಕು, ಇಲ್ಲದಿದ್ದರೆ ಇರಲೇ ಬಾರದು ಎಂಬ ಹಟ ಅದು. ಆದರೆ ಸೋದರಿಯರೇ, ಇಂಥ ತಂದೆಯನ್ನು ಗುರುತಿಸುವುದು ಕಷ್ಟವಲ್ಲ. ಮೀಸೆ ಇದೆ, ಗದೆ ಇದೆ, ಅಬ್ಬರ ಇದೆ. ನೋಡುವವರು ಯಾರೂ "ಇವನು ನನ್ನಂತೆಯೇ ಇದ್ದಾನೆ" ಎಂದುಕೊಳ್ಳುವುದಿಲ್ಲ. ಬೈದು, ಅತ್ತು, ನರಸಿಂಹ ಬಂದಾಗ ಕೈ ಮುಗಿದು ಮನೆಗೆ ಬರುತ್ತೇವೆ. ಅಷ್ಟಕ್ಕೆ ಮುಗಿಯಿತು.

ತೊಡೆಯಿಂದ ಇಳಿಸಿದವಳು, ಸುಮ್ಮನೆ ಕೂತವನು

ಮಲತಾಯಿಯ ಮಾತಿಗೆ ಬರೋಣ. ಧ್ರುವನ ಕತೆ ನಿಮಗೆಲ್ಲ ಗೊತ್ತು. ಐದು ವರ್ಷದ ಹುಡುಗ ಅಪ್ಪನ ತೊಡೆ ಏರಲು ಹೋದ. ಚಿಕ್ಕಮ್ಮ ಸುರುಚಿ, "ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಮಾತ್ರ ಅದು" ಎಂದು ತಡೆದಳು. ಹುಡುಗ ಅಳುತ್ತ ಕಾಡಿಗೆ ಹೋದ. ಈ ಕತೆ ಹೇಳುವಾಗ ನಾವು ಎಷ್ಟು ಸಲ ಸುರುಚಿಯನ್ನು ಶಪಿಸಿದ್ದೇವೋ!

ಆದರೆ ಆ ತೊಡೆ ಯಾರದು? ಹೆತ್ತ ತಂದೆ ಉತ್ತಾನಪಾದನದು. ಅವನು ಅಲ್ಲೇ ಕೂತಿದ್ದ, ನೋಡುತ್ತಿದ್ದ. "ಬಾ ಮಗನೇ" ಎಂದು ಕೈ ಚಾಚಿದ್ದರೆ ಕತೆಯೇ ಇರುತ್ತಿರಲಿಲ್ಲ. ಅವನು ಹೊಡೆಯಲಿಲ್ಲ, ಬಯ್ಯಲಿಲ್ಲ. ಸುಮ್ಮನಿದ್ದ. ಹಾಗಾಗಿ ಅವನ ಹೆಸರು ನಮ್ಮ ಬೈಗುಳದ ಪಟ್ಟಿಗೆ ಬರಲೇ ಇಲ್ಲ. ಮಲತಾಯಿ ಎಂದರೆ ಹೊರಗಿನವಳು, ಆಕೆಯ ಮೇಲೆ ಎಲ್ಲ ಹೊರಿಸಿಬಿಟ್ಟರೆ ಹೆತ್ತವರಿಗೆ ಹಗುರ.

ಧರ್ಮದ ಹೆಸರಿನಲ್ಲಿ

ಇನ್ನೊಂದು ಕತೆ ಹೇಳಲು ನನಗೆ ಅಂಜಿಕೆ. ಶರಣ ಸಿರಿಯಾಳ ಶೆಟ್ಟಿ, ಆತನ ಹೆಂಡತಿ ಚಂಗಳೆಯನ್ನು ನಮ್ಮ ಕಡೆ ಕೈ ಮುಗಿದೇ ನೆನೆಯುತ್ತಾರೆ. ನಾಗರ ಪಂಚಮಿಯ ಮರುದಿನ ಬರುವ ಷಷ್ಠಿಗೆ ಪಂಚಾಂಗದಲ್ಲಿ ಸಿರಿಯಾಳ ಷಷ್ಠಿ ಎಂದೇ ಹೆಸರು. ಆಳಂದದಿಂದ ಗಡಿ ದಾಟಿ ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಹೋದರೆ ಅದೇ ಕತೆ ಮರಾಠಿಯಲ್ಲಿ ಚಾಂಗುಣೆ ಮತ್ತು ಚಿಲಯಾ ಬಾಳನ ಕತೆಯಾಗಿ ಸಿಗುತ್ತದೆ. 1980ರಲ್ಲಿ ಲೋಕೇಶ್ ಮತ್ತು ಆರತಿ ನಟಿಸಿದ 'ಭಕ್ತ ಸಿರಿಯಾಳ' ಸಿನಿಮಾವೂ ಬಂತು. ಜಂಗಮನ ವೇಷದಲ್ಲಿ ಬಂದ ಶಿವ ನಿಮ್ಮ ಮಗನ ಅಡುಗೆಯೇ ಬೇಕು ಎನ್ನುತ್ತಾನೆ. ತಂದೆ-ತಾಯಿ ಕೊಟ್ಟ ಮಾತಿಗೆ ತಪ್ಪದೆ ಚೀಲಾಳನನ್ನು ಅಡುಗೆ ಮಾಡಿ ಬಡಿಸುತ್ತಾರೆ. ಕೊನೆಗೆ ಶಿವ ಮಗನನ್ನು ಕರೆಯಿರಿ ಎನ್ನುತ್ತಾನೆ, ಕರೆದರೆ ಮಗ ಓಡಿ ಬರುತ್ತಾನೆ.

ಭಕ್ತಿಯ ಕತೆಯನ್ನು ಭಕ್ತಿಯಿಂದಲೇ ಕೇಳಬೇಕು, ಒಪ್ಪಿದೆ. ಆದರೆ ಸಣ್ಣವಳಿದ್ದಾಗ ನಾನು ಅವ್ವನನ್ನು ಕೇಳಿದ್ದೆ: "ಯವ್ವಾ, ಆ ಹುಡುಗನ್ನ ಯಾರಾದ್ರೂ ಕೇಳಿದ್ರೇನು?" ಅವ್ವ ಬೀಸುವ ಕಲ್ಲಿನ ಗೂಟ ಹಿಡಿದ ಕೈ ನಿಲ್ಲಿಸಿ, "ಮಕ್ಕಳನ್ನ ಯಾರು ಕೇಳ್ತಾರವ್ವಾ" ಎಂದು ಮತ್ತೆ ಬೀಸತೊಡಗಿದಳು. ಆ ಮಾತು ಮನಸ್ಸಿನಲ್ಲಿ ಉಳಿಯಿತು. ಕತೆಯಲ್ಲಿ ಕರೆದರೆ ಮಗ ತಿರುಗಿ ಬರುತ್ತಾನೆ. ನಮ್ಮ ಮನೆಗಳಲ್ಲಿ ಮಾನ, ಮರ್ಯಾದೆ, ಕೊಟ್ಟ ಮಾತು ಎಂದು ಮಕ್ಕಳನ್ನು ಕೊಟ್ಟುಬಿಟ್ಟರೆ ಕರೆದಾಗ ತಿರುಗಿ ಬರುವ ಭರವಸೆ ಇದೆಯೇ?

ಇದು ಕತೆಯ ಮಾತಷ್ಟೇ ಅಲ್ಲ. ನಮ್ಮ ಭಾಗದಲ್ಲಿ ದೇವರ ಹೆಸರಿನಲ್ಲಿ ಹೆಣ್ಣುಮಗುವಿಗೆ ಮುತ್ತು ಕಟ್ಟಿ ಬಿಟ್ಟವರೂ ಹೆತ್ತವರೇ. ಅದನ್ನು ತಡೆಯಲು 1982ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬರಬೇಕಾಯಿತು. ಕಲಬುರಗಿಯ ಗೀತಾ ನಾಗಭೂಷಣ ಅವರು ನಮ್ಮದೇ ಭಾಷೆಯಲ್ಲಿ ಇಂಥ ಬಡವರ, ಕೆಳಗಿನವರ ಮನೆಯ ಹೆಣ್ಣುಮಕ್ಕಳ ಬದುಕನ್ನು ಬರೆದರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅಂಥ ಬರಹ ಓದಿದಾಗ ನನಗೆ ಒಂದು ತಿಳಿಯಿತು. ತಪ್ಪು ಮಾಡುವ ತಂದೆ-ತಾಯಿಯೆಲ್ಲ ಕ್ರೂರಿಗಳಲ್ಲ. ಹಸಿವು, ಅಂಜಿಕೆ, ಊರವರ ಬಾಯಿ, ಇವು ಎಷ್ಟೋ ಸಲ ಅವರ ಕೈಯಿಂದ ಕೆಲಸ ಮಾಡಿಸುತ್ತವೆ. ಅನುಭವಿಸುವುದು ಮಾತ್ರ ಮಗು.

ಮಗನ ಯೌವನ, ಮಗಳ ಬಾಳು

ಯಯಾತಿಯ ಕತೆ ಮಹಾಭಾರತದ್ದು. ಶಾಪದಿಂದ ಮುಪ್ಪು ಬಂದಾಗ ಆ ರಾಜ ತನ್ನ ಮಕ್ಕಳ ಮುಂದೆ ಕೈ ಚಾಚಿ "ನಿಮ್ಮ ಯೌವನ ಕೊಡಿ" ಎಂದ. ಸಣ್ಣ ಮಗ ಪುರು ಕೊಟ್ಟ. ಹಳೆಯ ಕತೆಯಲ್ಲಿ ಪುರುವಿಗೆ ಹೊಗಳಿಕೆಯೋ ಹೊಗಳಿಕೆ. ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ 'ಯಯಾತಿ' ನಾಟಕದಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೊಸ ಹೆಂಡತಿಯನ್ನು ತಂದು ನಿಲ್ಲಿಸಿದರು. ಮದುವೆಯಾಗಿ ಬಂದ ಹುಡುಗಿಯ ಮುಂದೆ ಗಂಡ ಮುದುಕನಾಗಿ ನಿಂತರೆ ಆಕೆಯ ಗತಿಯೇನು? ಆಕೆ ಅಲ್ಲಿ ಜೀವ ಬಿಡುತ್ತಾಳೆ. ತಂದೆಯ ಆಸೆ ಮಗನಿಗೆ ನಿಲ್ಲದೆ ಸೊಸೆಯ ಜೀವಕ್ಕೂ ಮುಟ್ಟಿತು. "ನನಗೆ ಆಗಲಿಲ್ಲ, ನನ್ನ ಮಗ ಡಾಕ್ಟರ್ ಆಗಲಿ" ಎಂದು ಮಗನ ಓದು, ನಿದ್ದೆ, ಇಷ್ಟ ಎಲ್ಲವನ್ನೂ ಕಸಿಯುವ ನಾವು ಸಣ್ಣಪುಟ್ಟ ಯಯಾತಿಯರಲ್ಲವೇ?

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 1899ರಲ್ಲಿ. ಅದರಲ್ಲೂ ಇರುವುದು ಎಳೆವಯಸ್ಸಿಗೆ ವಿಧವೆಯಾದ ಮಗಳನ್ನು ವೇಷಧಾರಿ ಸಂತರ ಕೈಗೆ ಒಪ್ಪಿಸಲು ಹೊರಟ ಹೆತ್ತವರೇ. ಆ ಹುಡುಗಿ ಮನೆ ಬಿಟ್ಟು, ಓದಿ, ಮರುಮದುವೆಯಾಗಿ ಬಾಳಿದಳು. ನೋಡಿ, ನಮ್ಮ ಕಾದಂಬರಿಯ ಹೆಣ್ಣು ಮೊದಲ ಹೆಜ್ಜೆ ಇಟ್ಟದ್ದೇ ತಂದೆ-ತಾಯಿಯಿಂದ ತಪ್ಪಿಸಿಕೊಳ್ಳಲು!

ಎಸ್.ಎಲ್. ಭೈರಪ್ಪನವರ 'ಗೃಹಭಂಗ' 1970ರದ್ದು. ಅದರ ಗಂಗಮ್ಮನನ್ನು ಓದಿದವರು ಮರೆಯಲಾರರು. ಬಾಯಿ ತೆರೆದರೆ ಬೈಗುಳ. ಆ ಬೈಗುಳದ ನಡುವೆ ಬೆಳೆದ ಮಗ ಚೆನ್ನಿಗರಾಯ ತನ್ನ ಹೊಟ್ಟೆಯೊಂದನ್ನು ಬಿಟ್ಟು ಏನನ್ನೂ ನೋಡದ ಗಂಡನಾದ, ತಂದೆಯಾದ. ಹೆಂಡತಿ ನಂಜಮ್ಮ ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆದು ಮಕ್ಕಳನ್ನು ಸಾಕಿದಳು. ಪ್ಲೇಗು ಬಂದು ಆ ಮನೆಯನ್ನೇ ತಿಂದಿತು. ಅದನ್ನು ಓದಿ ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಕೆಟ್ಟ ತಾಯ್ತನ ಒಂದೇ ತಲೆಗೆ ಮುಗಿಯುವುದಿಲ್ಲ, ಮೊಮ್ಮಕ್ಕಳ ತನಕ ಹೋಗುತ್ತದೆ ಎಂದು ಅದರಿಂದ ಕಲಿತೆ.

ಭಾಗೀರಥಿ ತವರಿಗೆ ಬಂದಾಗ

ಇಷ್ಟೆಲ್ಲ ಹೇಳಿ ಈಗ ನನ್ನ ಉತ್ತರಕ್ಕೆ ಬರುತ್ತೇನೆ. 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆ ನಿಮ್ಮ ಊರಲ್ಲೂ ಹಾಡಿರುತ್ತಾರೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ. ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದಾಯಿತು. ಹಿರಿಯ ಸೊಸೆಯರನ್ನು ಉಳಿಸಲು ಒಂದೊಂದು ನೆಪ ಸಿಕ್ಕಿತು, ಕಿರಿಯ ಸೊಸೆ ಭಾಗೀರಥಿಗೆ ಸಿಗಲಿಲ್ಲ. ಗಂಡ ದಂಡಿಗೆ ಹೋಗಿದ್ದ.

ಈ ಹಾಡು ಕೇಳಿದವರೆಲ್ಲ ಮಾವನನ್ನು ಬೈಯುತ್ತಾರೆ. ಬೈಯಲೇಬೇಕು. ಆದರೆ ಹಾಡಿನ ನಡುವೆ ಒಂದು ಭಾಗವಿದೆ. ವಿಷಯ ತಿಳಿದ ಭಾಗೀರಥಿ ತವರಿಗೆ ಓಡಿ ಬರುತ್ತಾಳೆ. ಕಣ್ಣೀರು ನೋಡಿ ಅಪ್ಪ ಯಾಕೆಂದು ಕೇಳುತ್ತಾನೆ. ಆಕೆಗೆ ಬಾಯಿ ಬರುವುದಿಲ್ಲ. ಅತ್ತೆಮನೆಯವರು ಬೇರೆ ಇಡುತ್ತಾರಂತೆ ಎಂದು ಅರ್ಧ ಮಾತು ಆಡುತ್ತಾಳೆ. ಅಪ್ಪ, ಇಡಲಿ ಬಿಡು, ಹೊಲ-ಮನೆ ಕೊಡಿಸುತ್ತೇನೆ ಎನ್ನುತ್ತಾನೆ. ಅವ್ವನ ಹತ್ತಿರವೂ ಅದೇ ಅರ್ಧ ಮಾತು. ಅವ್ವ ಕಿವಿಯ ವಾಲೆಯ ಜೋಡಿ ಕೊಡಿಸಲು ಒಪ್ಪುತ್ತಾಳೆ. ಆ ಹೊಲ-ಮನೆಗೆ, ಆ ವಾಲೆಗೆ ಬೆಂಕಿ ಬೀಳಲಿ ಎಂದು ಮಗಳ ಒಡಲು ಉರಿಯುತ್ತದೆ. ಕೊನೆಗೆ ಪೂರ್ತಿ ಸತ್ಯ ಹೇಳುವುದು ಗೆಳತಿಯ ಮುಂದೆ. ಆಕೆಯೂ ಅವರಿಟ್ಟಂತೆ ಇರಬೇಕು ಎಂದೇ ಬುದ್ಧಿ ಹೇಳುತ್ತಾಳೆ. ಭಾಗೀರಥಿ ತಿರುಗಿ ಹೋಗಿ ಕೆರೆಗೆ ಹಾರವಾಗುತ್ತಾಳೆ.

ನಮ್ಮ ಗರತಿಯ ಹಾಡುಗಳಲ್ಲಿ ತವರೆಂದರೆ ತಂಪು, ತವರೆಂದರೆ ನೆರಳು. ಭೀಮಾನದಿ ದಾಟಿದರೆ ಸಿಗುವ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಮಾಡಿಸಿದರು. ಆ ತಂಪು ತವರೇ ಭಾಗೀರಥಿಯ ಕೈ ಬಿಟ್ಟಿತು. ಆ ಅಪ್ಪ-ಅವ್ವ ಕೆಟ್ಟವರಲ್ಲ. ಮಗಳ ಮೇಲೆ ಜೀವ ಇಟ್ಟವರು, ಕೇಳಿದ್ದಕ್ಕಿಂತ ಹೆಚ್ಚು ಕೊಡುವವರು. ಕಿವಿಯೊಂದನ್ನು ಮಾತ್ರ ಕೊಡಲಿಲ್ಲ.

ನಮ್ಮ ಮನೆಯ ಪಂಚಮಿ

ಇದನ್ನು ನನ್ನ ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆಕೆಯನ್ನು ಅಫಜಲಪುರದ ಕಡೆ ಕೊಟ್ಟಿದ್ದೇವೆ. ಕಬ್ಬಿನ ಹೊಲ, ದುಡಿಯುವ ಮಂದಿ, ಕುಡಿತ ಇಲ್ಲ, ಹೊಡೆತ ಇಲ್ಲ. ಅಂಥ ಮನೆ ಸಿಕ್ಕಿತೆಂದು ಗಾಣಗಾಪುರಕ್ಕೆ ಹೋಗಿ ದತ್ತಾತ್ರೇಯನಿಗೆ ಕೈ ಮುಗಿದು ಬಂದಿದ್ದೆ.

ಮದುವೆಯಾಗಿ ಎರಡನೆಯ ಪಂಚಮಿಗೆ ಬಂದಳು. ನಾನು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದೆ, ಅಳ್ಳು ಹುರಿದಿದ್ದೆ. ಓಣಿಯ ಹುಡುಗಿಯರೆಲ್ಲ ಜೋಕಾಲಿ ಜೀಕಿದರು. ಇವಳು ಏರಲಿಲ್ಲ. "ತಲಿ ತಿರಗತದ ಅವ್ವಾ" ಎಂದಳು. "ಬಿಸಿಲಿಗೆ ಬಂದೀದಿ, ಅದಕ್ಕ" ಎಂದೆ. ರಾತ್ರಿ ಪಾತ್ರೆ ತಿಕ್ಕುವಾಗ ಹತ್ತಿರ ಬಂದು ಕೂತು, "ಅವ್ವಾ, ನನಗ ಅಲ್ಲಿ ಆಗವಲ್ದು" ಎಂದಳು. ನಾನು ತಿರುಗಿ ನೋಡಿದೆನೇ? ಇಲ್ಲ. "ಎಲ್ಲರಿಗೂ ಮೊದಲ ಹಂಗೇ ಆಗತದ, ಸ್ವಲ್ಪ ಹೊಂದ್ಕೊಂಡು ಹೋಗವ್ವಾ" ಎಂದೆ. ಆಕೆ ಮತ್ತೆ ಬಾಯಿ ಬಿಡಲಿಲ್ಲ. ಹೋಗುವಾಗ ಒಳ್ಳೆಯ ಇಳಕಲ್ ಸೀರೆ ಕೊಟ್ಟೆ, ಡಬ್ಬಿ ತುಂಬ ಉಂಡಿ ಕಟ್ಟಿದೆ. ಬಸ್ ಹೋದ ಮೇಲೆ ಹಬ್ಬ ಚೆನ್ನಾಯಿತೆಂದು ಸಮಾಧಾನದಿಂದ ಮನೆಗೆ ಬಂದೆ.

ಎಂಟು ದಿನ ಕಳೆದಿರಬೇಕು. ಓಣಿಯ ಶಾಲೆ ಹುಡುಗಿಯರು ಭಾಗೀರಥಿಯ ರೂಪಕ ಮಾಡುತ್ತೇವೆಂದು ಹಾಡು ಕಲಿಯಲು ನನ್ನಲ್ಲಿಗೆ ಬಂದರು. ನನ್ನ ಅವ್ವ ಬೀಸುವಾಗ ಹಾಡುತ್ತಿದ್ದ ಧಾಟಿ ನನಗೆ ಬರುತ್ತದೆ. ಹಾಡುತ್ತ ಹಾಡುತ್ತ ಅವ್ವ ವಾಲೆ ಕೊಡಿಸುವ ಮಾತಿಗೆ ಬಂದೆ. ದನಿ ನಿಂತುಹೋಯಿತು. ಹುಡುಗಿಯರು "ಮುಂದ ಹೇಳ್ರಿ ಕಾಕೂ" ಎನ್ನುತ್ತಿದ್ದಾರೆ, ನನ್ನ ಕಣ್ಣಿಗೆ ಕಾಣುತ್ತಿರುವುದು ಆ ಉಂಡಿಯ ಡಬ್ಬಿ.

ಮರುದಿನ ಬೆಳಗಿನ ಬಸ್ಸಿಗೇ ಹೊರಟೆ. ಬೀಗರ ಮನೆಯ ಹಿತ್ತಲಲ್ಲಿ ಮಗಳ ಜೊತೆ ಕೂತು ಒಂದು ತಾಸು ಏನೂ ಕೇಳಲಿಲ್ಲ, ಹೇಳಲಿಲ್ಲ. ಆಮೇಲೆ ಆಕೆಯೇ ಬಾಯಿ ಬಿಟ್ಟಳು. ಐದು ತಿಂಗಳಿಂದ ಮುಟ್ಟು ನಿಲ್ಲದೆ ಹೋಗುತ್ತಿದೆ. ಎದ್ದರೆ ಕಣ್ಣಿಗೆ ಕತ್ತಲೆ, ಎರಡು ಸಲ ಬಿದ್ದಿದ್ದಾಳೆ. ಅತ್ತೆಗೆ ಹೇಳಿದರೆ "ಹೆಂಗಸರಿಗೆ ಇದು ಇದ್ದದ್ದೇ" ಎಂದರು. ಗಂಡನಿಗೆ ಹೇಳಲು ನಾಚಿಕೆ, ಹೇಳಿದಾಗ ಆತ "ನಿಮ್ಮ ಅವ್ವನ್ನ ಕೇಳು" ಎಂದ. ಅವ್ವನ ಹತ್ತಿರ ಬಂದಳು. ಅವ್ವ ಉಂಡಿ ಕೊಟ್ಟಳು!

ಅದೇ ದಿನ ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಆರು ಗ್ರಾಂ. ನಮ್ಮಂಥ ಹೆಂಗಸರಿಗೆ ಕಡಿಮೆಯೆಂದರೂ ಹನ್ನೆರಡು ಇರಬೇಕಂತೆ. ಎಂಟಕ್ಕಿಂತ ಕೆಳಗೆ ಹೋದರೆ ಅದು ತೀವ್ರ ರಕ್ತಹೀನತೆ. ಎರಡು ಬಾಟಲಿ ರಕ್ತ ಏರಿಸಿದರು, ಔಷಧಿ ನಡೆಯಿತು. ಈಗ ಚೆನ್ನಾಗಿದ್ದಾಳೆ. ಬೀಗತಿ ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತ, "ಇಷ್ಟಾಗೋ ತನಕ ಯಾರಿಗೂ ಯಾಕ ಹೇಳಲಿಲ್ಲವ್ವಾ?" ಎಂದು ಕೇಳಿದರು. ಆ ಮಾತಿಗೆ ನಾನು ತಲೆ ಎತ್ತಲಿಲ್ಲ. ಆಕೆ ಎಲ್ಲರಿಗೂ ಹೇಳಿದ್ದಳು.

ಹಾಗಾಗಿ ಸೋದರಿಯರೇ, ಕತೆಗಳಲ್ಲಿ ಎಲ್ಲರಿಗಿಂತ ಅಂಜಿಕೆ ತರುವ ತಂದೆ-ತಾಯಿ ಯಾರೆಂದು ಕೇಳಿದರೆ ನಾನು ಭಾಗೀರಥಿಯ ಅಪ್ಪ-ಅವ್ವನ ಹೆಸರು ಹೇಳುತ್ತೇನೆ. ಗದೆ ಹಿಡಿದವನಿಂದ ಮಗು ಓಡಬಹುದು. ಪ್ರೀತಿಯಿಂದ ತಲೆ ಸವರಿ, ಸೀರೆ ಕೊಟ್ಟು ತಿರುಗಿ ಕಳಿಸುವವರಿಂದ ಎಲ್ಲಿಗೆ ಓಡಬೇಕು?

ಮಗಳು ತವರಿಗೆ ಬಂದಾಗ

ನಾನು ಪೆಟ್ಟು ತಿಂದು ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಅಡುಗೆಯ ಅಳತೆಯಂತೆ ಬರೆದಿಟ್ಟುಕೊಳ್ಳಿ.

ಒಂದು, ಬಂದ ದಿನವೇ ಹಬ್ಬದ ಗಡಿಬಿಡಿಯಲ್ಲಿ "ಹೆಂಗದೀವ್ವಾ?" ಎಂದು ಕೇಳಿ ಮುಗಿಸಬೇಡಿ. ಎಲ್ಲರೂ ಮಲಗಿದ ಮೇಲೆ ಒಲೆಯ ಹತ್ತಿರ ಇಬ್ಬರೇ ಕೂಡಿ. ಕೈಯಲ್ಲಿ ಕೆಲಸ ಇಟ್ಟುಕೊಳ್ಳಬೇಡಿ.

ಎರಡು, ಮಕ್ಕಳು ಮೊದಲು ಅರ್ಧ ಮಾತು ಆಡುತ್ತಾರೆ. "ಆಗವಲ್ದು", "ಬ್ಯಾಸರ ಬಂದದ", "ಹೋಗೂದಿಲ್ಲ" ಎಂದರೆ ಅದು ಸೋಮಾರಿತನವೆಂದು ತಿಳಿಯಬೇಡಿ. "ಏನು ಆಗವಲ್ದು? ಎಂದಿನಿಂದ?" ಎಂದು ಕೇಳಿ ಸುಮ್ಮನಾಗಿ. ಉಳಿದರ್ಧ ತಾನೇ ಬರುತ್ತದೆ.

ಮೂರು, "ಹೊಂದ್ಕೊಂಡು ಹೋಗು" ಎನ್ನುವ ಮೊದಲು ಯಾವುದಕ್ಕೆ ಹೊಂದಿಕೊಳ್ಳಬೇಕು ಎಂದು ತಿಳಿದುಕೊಳ್ಳಿ. ಉಪ್ಪು-ಖಾರದ ಜಗಳಕ್ಕೆ ಹೊಂದಿಕೊಳ್ಳಬಹುದು. ರೋಗಕ್ಕೆ, ಹೊಡೆತಕ್ಕೆ, ಹಸಿವಿಗೆ ಹೊಂದಿಕೊಳ್ಳುವುದೆಂದರೆ ಸಾಯುವುದು. ಮನೆಯೊಳಗಿನ ಹಿಂಸೆಗೆ 2005ರ ಕಾನೂನು ಇದೆ. ಮಹಿಳೆಯರ ಸಹಾಯವಾಣಿ 181. ಹದಿನೆಂಟು ತುಂಬದ ಹುಡುಗಿಗೆ ಎಲ್ಲಾದರೂ ಅಕ್ಷತೆ ಹಾಕುವ ತಯಾರಿ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬಹುದು. ಅದನ್ನು ತಡೆದರೆ ಆ ಹೆತ್ತವರಿಗೂ ಉಪಕಾರವೇ.

ನಾಲ್ಕು, ಕೊಡುವುದನ್ನು ಕೊಡಿ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಭಾಗೀರಥಿಯ ಅಪ್ಪ ಬಾಯಿಮಾತಿನಲ್ಲಿ ಹೇಳಿದ ಹೊಲ ಈಗ ಕಾನೂನಿನಲ್ಲೇ ಇದೆ. ಆದರೆ ಹೊಲ, ವಾಲೆ, ಸೀರೆ ಕೊಟ್ಟೆವೆಂದು ಕಿವಿ ಮುಚ್ಚಿಕೊಳ್ಳಬೇಡಿ.

ಗಂಡುಮಕ್ಕಳ ವಿಷಯದಲ್ಲೂ ಇದೇ ಮಾತು. ಅವರು ಇನ್ನೂ ಕಡಿಮೆ ಬಾಯಿ ಬಿಡುತ್ತಾರೆ, ಅಷ್ಟೇ.

ಆ ಓಣಿಯ ಹುಡುಗಿಯರ ರೂಪಕ ಮುಂದೆ ಚೆನ್ನಾಗಿಯೇ ಆಯಿತು. ನೋಡಲು ಮಗಳೂ ಬಂದಿದ್ದಳು. ಭಾಗೀರಥಿ ತವರಿನಿಂದ ತಿರುಗಿ ಹೊರಟಾಗ ನನ್ನ ಪಕ್ಕದಲ್ಲಿ ಕೂತವಳು ನನ್ನ ಕೈ ಹಿಡಿದುಕೊಂಡಳು, ಏನೂ ಹೇಳಲಿಲ್ಲ. ಈಗ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತೇವೆ. ಮೊದಲೆಲ್ಲ ಮಾತಾಡುವವಳು ನಾನೇ ಆಗಿದ್ದೆ. ಈಗ "ಹೇಳವ್ವಾ" ಎಂದು ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ. ನಾಲ್ವತ್ತು ದಾಟಿದ ಮೇಲೆ ಸುಲಭವಲ್ಲ, ಆದರೂ ಬರುತ್ತದೆ.

ನಿಮ್ಮ ಮಗಳು ಬರುವ ಪಂಚಮಿಗೆ ಉಂಡಿ ಅವಶ್ಯ ಕಟ್ಟಿ. ಅದಕ್ಕೂ ಮೊದಲು ಒಂದು ತಾಸು ಆಕೆಯ ಹತ್ತಿರ ಕೂಡಿ.